ಮೈಸೂರು ಪ್ರಜಾಪ್ರತಿನಿಧಿ ಸಭೆಯೂ ಊರಿನವರ ಅಭಿಪ್ರಾಯವೂ

ಒಂದು ನಾಡಿನ ಅಭಿವೃದ್ಧಿಯ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಆಶ್ರಯಿಸುವುದು ಸರ್ಕಾರದ ಆಡಳಿತ ವರದಿಗಳನ್ನು. ಎಷ್ಟು ಮೈಲಿ ರಸ್ತೆ ಬೆಳೆಯಿತು, ಎಷ್ಟು ಕೆರೆಗಳ ದುರಸ್ತಿಯಾಯಿತು, ಎಷ್ಟು ಶಾಲೆಗಳು ತೆರೆದವು ಎಂಬ ಲೆಕ್ಕ ಅಲ್ಲಿ ಸಿದ್ಧವಾಗಿಯೇ ದೊರೆಯುತ್ತದೆ. ಆದರೆ ಆ ರಸ್ತೆಯ ಪಕ್ಕದ ಊರಿನವರು, ಆ ಕೆರೆಯ ಕೆಳಗೆ ಗದ್ದೆಯುಳ್ಳವರು, ಆ ಶಾಲೆಗೆ ಮಕ್ಕಳನ್ನು ಕಳುಹಿಸಿದವರು ಅಥವಾ ಕಳುಹಿಸಲಾರದೆ ಹೋದವರು ಇವೆಲ್ಲದರ ವಿಷಯವಾಗಿ ಏನೆಂದುಕೊಂಡಿದ್ದರು ಎಂಬುದಕ್ಕೆ ಆಧಾರಗಳು ಬಹು ವಿರಳ. ಹಳೆಯ ಮೈಸೂರು ಸಂಸ್ಥಾನದ ಮಟ್ಟಿಗೆ ಮಾತ್ರ ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಬಲ್ಲ ಒಂದು ಆಕರವಿದೆ. 1881ರಿಂದ 1949ರವರೆಗೆ ಅಸ್ತಿತ್ವದಲ್ಲಿದ್ದ ಪ್ರಜಾಪ್ರತಿನಿಧಿ ಸಭೆಯ ಅಚ್ಚಾದ ನಡವಳಿಗಳೇ ಆ ಆಕರ. ಈ ಸಭೆಯನ್ನು ರಾಜ್ಯಾಂಗ ಚರಿತ್ರೆಯ ಒಂದು ಘಟ್ಟವೆಂದು ನಮ್ಮ ವಿದ್ವಾಂಸರು ಬಹುಕಾಲದಿಂದ ಕೊಂಡಾಡುತ್ತ ಬಂದಿದ್ದಾರೆ. ಪ್ರಕೃತ ಲೇಖನದಲ್ಲಿ ನಮ್ಮ ಪ್ರಶ್ನೆ ಬೇರೆಯದು. ಊರಿನವರು ತಮ್ಮ ಊರಿನ ವಿಷಯವಾಗಿ ಆಡಿದ ಮಾತು ಅಲ್ಲಿ ಎಷ್ಟರಮಟ್ಟಿಗೆ ಉಳಿದಿದೆ, ಅದನ್ನು ಸರ್ಕಾರ ಏನೆಂದು ಎಣಿಸಿತು ಎಂಬುದನ್ನು ನಾವು ವಿಚಾರಿಸಬೇಕೆಂದಿದ್ದೇವೆ.

ಸಭೆ ಹುಟ್ಟಿದ ಕಾಲವನ್ನು ಮೊದಲು ನೆನೆಯುವುದು ಯುಕ್ತ. ಐವತ್ತು ವರ್ಷಗಳ ಕಾಲ ಕಮಿಷನರುಗಳ ಆಡಳಿತದಲ್ಲಿದ್ದ ಸಂಸ್ಥಾನ 1881ರ ಮಾರ್ಚ್ 25ರಂದು ಹತ್ತನೆಯ ಚಾಮರಾಜೇಂದ್ರ ಒಡೆಯರ ವಶಕ್ಕೆ ಬಂದಿತು. ಅದಕ್ಕೆ ಕೆಲವೇ ವರ್ಷ ಹಿಂದೆ, 1876–78ರಲ್ಲಿ, ನಾಡು ಕಂಡು ಕೇಳರಿಯದ ಕ್ಷಾಮಕ್ಕೆ ತುತ್ತಾಗಿತ್ತು. 1871ರ ಜನಗಣತಿಯಲ್ಲಿ 50,55,412 ಇದ್ದ ಪ್ರಜಾಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿದಿತ್ತೆಂಬ ಸಂಗತಿಯೊಂದೇ ಸಾಕು. ಬೊಕ್ಕಸದಲ್ಲಿ ಹಣವಿರಲಿಲ್ಲ, ತಲೆಯ ಮೇಲೆ ಸಾಲವಿತ್ತು. ಇಂಥ ಸಂದರ್ಭದಲ್ಲಿ ದಿವಾನ್ ರಂಗಾಚಾರ್ಲು ಅವರು ಅದೇ ವರ್ಷದ ಆಗಸ್ಟ್ 25ರ ಆಜ್ಞೆಯ ಮೂಲಕ ಸಭೆಯನ್ನು ಸ್ಥಾಪಿಸಿದರು. ಪ್ರತಿ ತಾಲ್ಲೂಕಿನಿಂದಲೂ ಲೋಕಜ್ಞಾನವೂ ಜನರಲ್ಲಿ ಗೌರವವೂ ಉಳ್ಳ ಒಬ್ಬಿಬ್ಬರು ಬೇಸಾಯಗಾರ ಭೂಹಿಡುವಳಿದಾರರನ್ನೂ, ಜೊತೆಗೆ ಪ್ರಮುಖ ವರ್ತಕರನ್ನೂ ಕರೆಯಿಸಬೇಕೆಂದು ಆಜ್ಞೆ ವಿಧಿಸಿತು. ದಸರೆಯ ಉತ್ಸವ ಮುಗಿದೊಡನೆ ಸಭೆ ಸೇರುವುದೆಂದು ಗೊತ್ತಾಯಿತು. ಉತ್ಸವವನ್ನು ನೋಡುವ ಆಸೆ ದೂರದವರನ್ನೂ ಮೈಸೂರಿಗೆ ಕರೆತಂದೀತೆಂಬ ಲೆಕ್ಕಾಚಾರ ಅದರಲ್ಲಿತ್ತು. ಅಕ್ಟೋಬರ್ 7ರ ಮೊದಲ ಸಭೆಗೆ 144 ಮಂದಿ ಬಂದಿದ್ದರು.

ಆಜ್ಞೆಯ ಆಶಯವನ್ನು ಎಚ್ಚರಿಕೆಯಿಂದ ಗಮನಿಸಬೇಕು. ಸರ್ಕಾರದ ಉದ್ದೇಶಗಳು ಪ್ರಜೆಗಳಿಗೆ ಚೆನ್ನಾಗಿ ತಿಳಿಯಬೇಕು, ಅವರ ಮನಸ್ಸಿನಲ್ಲಿರಬಹುದಾದ ತಪ್ಪುಗ್ರಹಿಕೆಗಳು ದೂರವಾಗಬೇಕು, ಸರ್ಕಾರದ ಹಿತವೂ ಪ್ರಜೆಗಳ ಹಿತವೂ ಒಂದೇ ಎಂಬುದು ಅವರಿಗೆ ಮನವರಿಕೆಯಾಗಬೇಕು ಎಂಬುದು ಅದರ ಸಾರ. ಈ ಯೋಜನೆಯಲ್ಲಿ ದಿವಾನರು ಹೇಳುವವರು, ಪ್ರತಿನಿಧಿಗಳು ಕೇಳುವವರು. ಕಳೆದ ವರ್ಷದ ಆಡಳಿತದ ಫಲವನ್ನೂ ಬರುವ ವರ್ಷದ ಕಾರ್ಯಕ್ರಮವನ್ನೂ ಅವರ ಮುಂದಿಡುವುದೇ ಮುಖ್ಯ ಕಲಾಪ. ಆದರೆ ನೂರಾರು ಮೈಲಿಗಳಿಂದ, ಕೆಲವರು ಎತ್ತಿನ ಗಾಡಿಯಲ್ಲಿ, ದಾರಿಯ ಬವಣೆಗಳನ್ನು ಅನುಭವಿಸಿಕೊಂಡು ಬಂದ ರೈತ ಮುಖಂಡರು ಬರಿದೆ ಕೇಳಿ ಹಿಂದಿರುಗುವವರಲ್ಲ. ಊರಿನ ಕಷ್ಟಸುಖಗಳನ್ನು ಅರಿಕೆಮಾಡಿಕೊಳ್ಳುವ ಅವಕಾಶ ದೊರೆತೊಡನೆ ಸಭೆಯ ಸ್ವರೂಪ ಬದಲಾಯಿತು. ದಿವಾನರ ಭಾಷಣಕ್ಕಿಂತ ತಾಲ್ಲೂಕುವಾರು ಅಹವಾಲುಗಳ ಪಟ್ಟಿಯೇ ನಮಗೆ ಇಂದು ಹೆಚ್ಚು ಬೆಲೆಯುಳ್ಳ ದಾಖಲೆಯಾಗಿದೆ.

ಆ ಪಟ್ಟಿಗಳಲ್ಲಿ ಏನೇನಿದ್ದುವು? ಕಂದಾಯದ ಕಂತು, ಗೋಮಾಳ, ಕಾಡಿನ ಕಟ್ಟುಪಾಡು, ಸೌದೆ, ಕುಡಿಯುವ ನೀರಿನ ಬಾವಿ, ಸೇತುವೆ, ಸಂತೆಗೆ ಹೋಗುವ ದಾರಿ, ಔಷಧಾಲಯ, ಶಾಲೆ, ಸೇಂದಿ ಸಾರಾಯಿ ಅಂಗಡಿಗಳು. ಮಲೆನಾಡಿನ ಪ್ರತಿನಿಧಿಗಳಿಗೆ ಕಾಡುಮೃಗಗಳ ಹಾವಳಿ ಮತ್ತು ಚಳಿಜ್ವರದ ಚಿಂತೆ. ಕೋಲಾರ ತುಮಕೂರು ಸೀಮೆಯವರಿಗೆ ಕೆರೆಯ ಚಿಂತೆ. ರೈಲಿನ ಮಾತಂತೂ ಎಲ್ಲರದು. ಕ್ಷಾಮಪರಿಹಾರದ ಕೆಲಸವಾಗಿ ಆರಂಭವಾದ ಬೆಂಗಳೂರು–ಮೈಸೂರು ದಾರಿ 1882ರಲ್ಲಿ ಪೂರ್ತಿಯಾಯಿತು. 1884ರಲ್ಲಿ ತುಮಕೂರಿಗೂ 1889ರಲ್ಲಿ ಹರಿಹರಕ್ಕೂ ರೈಲು ಮುಟ್ಟಿತು. ಬೀರೂರಿನಿಂದ ಶಿವಮೊಗ್ಗಕ್ಕೆ ಅದು ಹೋದದ್ದು 1899ರಲ್ಲಿ. ಒಂದು ಊರಿಗೆ ರೈಲು ಬಂದಿತೆಂದರೆ ಪಕ್ಕದ ತಾಲ್ಲೂಕಿನವರಿಗೆ ತಮ್ಮ ಸಂತೆ ಹಾಳಾಯಿತೆಂಬ ಭಯ ಹುಟ್ಟುವುದು ಸಹಜವೇ ಆಗಿತ್ತು. ಇವನ್ನೆಲ್ಲ ಒಂದೊಂದಾಗಿ ವಿವರಿಸಲು ಇಲ್ಲಿ ಸ್ಥಳವಿಲ್ಲ. ಕೆರೆಗಳ ವಿಷಯವೊಂದನ್ನೇ ತೆಗೆದುಕೊಂಡು ನೋಡುವುದು ಹೆಚ್ಚು ಪ್ರಯೋಜನಕರವೆಂದು ನಮಗೆ ತೋರುತ್ತದೆ. ಏಕೆಂದರೆ ಊರಿನವರ ತಿಳಿವಳಿಕೆಯೂ ಸರ್ಕಾರದ ನೀತಿಯೂ ಮುಖಾಮುಖಿಯಾಗಿ ನಿಂತದ್ದು ಅಲ್ಲಿಯೇ.

ಸಂಸ್ಥಾನದ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿಯವರು 1866ರಲ್ಲಿ ಬರೆದ ವರದಿಯ ಪ್ರಕಾರ, 27,269 ಚದರ ಮೈಲಿಯ ಮೈಸೂರು ದೇಶದಲ್ಲಿ ಶೇಕಡ ಅರವತ್ತರಷ್ಟು ಭಾಗ ಆಗಲೇ ಕೆರೆಗಳ ವ್ಯವಸ್ಥೆಗೆ ಒಳಪಟ್ಟಿತ್ತು. ಹೊಸದೊಂದು ಕೆರೆ ಕಟ್ಟಲು ಸ್ಥಳ ಹುಡುಕುವುದೇ ಕಷ್ಟವೆಂದು ಅವರು ಬೆರಗಾಗಿದ್ದರು. ಈ ಕೆರೆಗಳು ಬಿಡಿಬಿಡಿಯಾಗಿ ಇದ್ದವುಗಳಲ್ಲ. ಮೇಲಿನ ಕೆರೆಯ ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ, ಅದರ ಕೋಡಿಯ ನೀರು ಇನ್ನೂ ಕೆಳಗಿನದಕ್ಕೆ ಹೀಗೆ ಸಾಲುಸಾಲಾಗಿ ಹಬ್ಬಿದವು. ಮೇಲಿನ ಊರಿನವರು ಕೋಡಿಯನ್ನು ಒಂದು ಮೊಳ ಎತ್ತರಿಸಿದರೆ ಕೆಳಗಿನ ಊರಿಗೆ ಬರುವ ನೀರು ಅಷ್ಟು ತಡವಾಗುತ್ತದೆ. ಅದೇ ಸಮಯದಲ್ಲಿ ಆ ಕೆರೆಯಂಗಳದ ಅಂಚಿನಲ್ಲಿ ಹೊಲವುಳ್ಳವರ ಪೈರು ಮುಳುಗುತ್ತದೆ. ಎತ್ತರಿಸದಿದ್ದರೆ ಹೂಳು ತುಂಬಿದ ಕೆರೆಯಲ್ಲಿ ಅಚ್ಚುಕಟ್ಟಿಗೆ ನೀರು ಸಾಲುವುದಿಲ್ಲ. ಇನ್ನು ಮೇಲಿನ ಏರಿಯೇ ಒಡೆಯಿತೆಂದರೆ ಸಾಲಿನಲ್ಲಿರುವ ಕೆರೆಗಳಿಗೆಲ್ಲ ಅಪಾಯ. ಆದುದರಿಂದ ಒಂದು ಕೆರೆಯ ವಿಷಯದಲ್ಲಿ 'ಊರಿನ ಅಭಿಪ್ರಾಯ' ಎಂಬುದು ಒಂದಾಗಿ ಇರುವುದು ಸಾಧ್ಯವೇ ಇಲ್ಲ. ತೂಬಿನ ಹತ್ತಿರದ ಗದ್ದೆಯವನದೊಂದು, ಕಾಲುವೆಯ ಕೊನೆಯವನದೊಂದು, ಅಂಗಳದಲ್ಲಿ ಹೊಲವುಳ್ಳವನದು ಮತ್ತೊಂದು. ಕೆರೆಯ ಮಣ್ಣನ್ನು ನಂಬಿದ ಕುಂಬಾರನದೂ ಮೀನು ಹಿಡಿಯುವವನದೂ ಅಗಸನದೂ ಇವೆಲ್ಲಕ್ಕಿಂತ ಬೇರೆ.

ಹಿಂದಿನ ಕಾಲದಲ್ಲಿ ಈ ಭಿನ್ನಾಭಿಪ್ರಾಯಗಳನ್ನು ಇತ್ಯರ್ಥಮಾಡುವುದಕ್ಕೂ ದುರಸ್ತಿಯ ಖರ್ಚನ್ನು ಹೊರುವುದಕ್ಕೂ ಕಟ್ಟಳೆಗಳಿದ್ದುವು. ಶಾಸನಗಳಲ್ಲಿ ಕಂಡುಬರುವ ಬಿತ್ತುವಟ್ಟ, ಕಟ್ಟುಕೊಡಗೆ ಮೊದಲಾದ ದತ್ತಿಗಳು ಕೆರೆಯನ್ನು ಕಟ್ಟಿದವರಿಗೆ ಅಥವಾ ಕಾಪಾಡುವವರಿಗೆ ಕೊಟ್ಟ ಭೂಮಿಗಳು. ಹೂಳನ್ನು ಹೊತ್ತು ಏರಿಗೆ ಹಾಕುವ ಗಾಡಿಗಳಿಗಾಗಿ ಬಿಟ್ಟ ಕೆರೆಬಂಡಿ ಇನಾಮುಗಳೂ ಇದ್ದುವು. ನೀರು ಹಂಚುವ ನೀರಗಂಟಿಗೂ ಮಾನ್ಯವಿತ್ತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಂದಾಯದ ಪೈಮಾಷಿಯೂ ಇನಾಮುಗಳ ತನಿಖೆಯೂ ನಡೆದಾಗ ಈ ಏರ್ಪಾಡು ಸಡಿಲವಾಯಿತು. ತರಿ ಭೂಮಿಗೆ ನೀರಿನ ಅನುಕೂಲವನ್ನು ಗಣಿಸಿ ನಿಶ್ಚಿತವಾದ ಕಂದಾಯ ಕಟ್ಟಲಾಯಿತು. ಆದರೆ ಸಣ್ಣ ಕೆರೆಗಳ ಮಣ್ಣಿನ ಕೆಲಸವನ್ನು ಪೂರ್ವದ ರೂಢಿಯಂತೆ ರೈತರೇ ಮಾಡಬೇಕು, ಕಲ್ಲುಗಾರೆಯ ಕೆಲಸ ಮಾತ್ರ ಸರ್ಕಾರದ್ದು ಎಂಬ ನಿಯಮ ಹಾಗೆಯೇ ಉಳಿಯಿತು.

ವಾದವಿವಾದದ ಮೂಲ ಇಲ್ಲಿದೆ. ಸರ್ಕಾರದ ಪಕ್ಷ ರೂಢಿಯನ್ನು ಮುಂದೊಡ್ಡುತ್ತಿತ್ತು: ನಿಮ್ಮ ಹಿರಿಯರು ಮಾಡುತ್ತಿದ್ದುದನ್ನೇ ನೀವೂ ಮಾಡಿರಿ. ರೈತರ ಪಕ್ಷವೂ ರೂಢಿಯನ್ನೇ ಆಧಾರವಾಗಿ ಹಿಡಿಯಬಹುದಾಗಿತ್ತು: ಹಿರಿಯರು ಮಾಡುತ್ತಿದ್ದುದು ನಿಜ, ಅದಕ್ಕೆ ಪ್ರತಿಯಾಗಿ ಅವರಿಗೆ ಇನಾಮು ಇತ್ತು, ಫಸಲಿನಲ್ಲಿ ಪಾಲಿನ ಲೆಕ್ಕವಿತ್ತು, ಕೆರೆ ಬತ್ತಿದ ವರ್ಷ ಅರಮನೆಗೂ ನಷ್ಟವಾಗುತ್ತಿತ್ತು, ಈಗ ನೀರು ಬರಲಿ ಬಾರದಿರಲಿ ಕಂದಾಯ ನಿಂತಿದೆ. ನಮ್ಮ ಅಭಿಪ್ರಾಯದಲ್ಲಿ ಈ ವಾದಕ್ಕೆ ಸಮರ್ಪಕವಾದ ಉತ್ತರವನ್ನು ಸರ್ಕಾರ ಎಂದೂ ಕೊಡಲಿಲ್ಲ. ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದ 1883ರಿಂದ 1901ರವರೆಗಿನ ಅವಧಿಯಲ್ಲಿ ನೀರಾವರಿಗೆ ಅಪಾರವಾಗಿ ಹಣ ವೆಚ್ಚವಾದುದನ್ನು ನಾವು ಮರೆಯಬಾರದು. ಮಾರಿಕಣಿವೆಯ ಕಟ್ಟೆಯ ಕೆಲಸ 1898ರಲ್ಲಿ ಮೊದಲಾದದ್ದೂ ಅವರ ಕಾಲದಲ್ಲಿಯೇ. ಆದರೆ ದೊಡ್ಡ ಕಟ್ಟೆಗೆ ಹಣ ಒದಗಿಸುವುದು ಬೇರೆ, ಸಾವಿರಾರು ಸಣ್ಣ ಕೆರೆಗಳ ಮಣ್ಣನ್ನು ಯಾರು ಹೊರಬೇಕೆಂಬ ಪ್ರಶ್ನೆಯನ್ನು ತೀರ್ಮಾನಿಸುವುದು ಬೇರೆ. ಎರಡನೆಯದು ಮುಂದಕ್ಕೆ ಹೋಗುತ್ತಲೇ ಇದ್ದಿತು. ಅಚ್ಚುಕಟ್ಟುದಾರರ ಪಂಚಾಯಿತಿಗಳಿಗೆ ಕೆರೆಗಳ ಪೋಷಣೆಯನ್ನು ವಹಿಸುವ ಉದ್ದೇಶದಿಂದ 1911ರಲ್ಲಿ ಕೆರೆ ಪಂಚಾಯಿತಿಗಳ ಶಾಸನ ಹೊರಟಾಗಲೂ ಹೊಣೆ ರೈತರ ಮೇಲೆಯೇ ಉಳಿಯಿತಲ್ಲದೆ ಅದಕ್ಕೆ ತಕ್ಕ ಹಳೆಯ ಸವಲತ್ತುಗಳು ಹಿಂದಿರುಗಲಿಲ್ಲ.

ಹೀಗೆ ನೋಡಿದರೆ, ಕೆರೆಯ ವಿಷಯವಾಗಿ ಒಬ್ಬ ಪ್ರತಿನಿಧಿ ಎದ್ದು ನಿಂತು ಆಡಿದ ಮಾತು ಕೇವಲ ಒಂದು ಬೇಡಿಕೆಯಲ್ಲ. ಆಡಳಿತದ ಒಂದು ತತ್ತ್ವವನ್ನು ಕುರಿತ ತೀರ್ಪು ಅದರಲ್ಲಿ ಅಡಗಿದೆ. ಆದರೆ ನಡವಳಿಯ ಪುಟದಲ್ಲಿ ಅದು ಯಾವ ರೂಪವನ್ನು ತಾಳುತ್ತದೆ ಎಂಬುದನ್ನು ಗಮನಿಸಬೇಕು. ಪ್ರತಿನಿಧಿಗಳಲ್ಲಿ ಬಹುಮಂದಿ ಮಾತನಾಡಿದ್ದು ಕನ್ನಡದಲ್ಲಿ. ನಮಗೆ ಇಂದು ಹೆಚ್ಚಾಗಿ ಲಭ್ಯವಿರುವುದು ಇಂಗ್ಲಿಷಿನ ನಡವಳಿಗಳು. ಕೋಡಿ, ತೂಬು, ಏರಿ, ಹೂಳು, ರಾಜಕಾಲುವೆ ಎಂಬ ಒಂದೊಂದು ಮಾತಿಗೂ ಊರಿನಲ್ಲಿ ಒಂದೊಂದು ಜಗಳದ ಚರಿತ್ರೆಯಿರುತ್ತದೆ. ಅವೆಲ್ಲ ಸೇರಿ ಬರವಣಿಗೆಯಲ್ಲಿ 'ಕೆರೆಯ ರಿಪೇರಿ' ಎಂಬ ಒಂದೇ ಮಾತಿಗೆ ಇಳಿದಾಗ, ಯಾರ ನೀರು ಯಾರಿಗೆ ಹೋಗುತ್ತಿತ್ತೆಂಬ ವಿವರ ಅಳಿದು ಹೋಗುತ್ತದೆ. ಊರು ಅಹವಾಲುದಾರನಾಗುತ್ತದೆ, ಸರ್ಕಾರ ಪರಿಶೀಲಿಸುವುದಾಗಿ ಆಶ್ವಾಸನೆ ಕೊಡುವ ಧಣಿಯಾಗುತ್ತದೆ. ಸಭೆಯ ಕಲಾಪವನ್ನು ಅಹವಾಲುಗಳ ಪಟ್ಟಿಯಾಗಿ ಏರ್ಪಡಿಸಿದ್ದರಲ್ಲಿ ಆಡಳಿತದ ಅನುಕೂಲವಿತ್ತು, ದುರುದ್ದೇಶವೇನೂ ಇದ್ದಿರಲಾರದು. ಆದರೂ ಅದರ ಫಲ ಮಾತ್ರ ಇಷ್ಟು: ತೀರ್ಪಿನ ರೂಪದ ಮಾತುಗಳು ಬಿನ್ನಹದ ರೂಪದಲ್ಲಿ ನಮ್ಮ ಕೈಸೇರಿವೆ. ಸಂಶೋಧಕನು ಇವನ್ನು ಓದುವಾಗ ಹಿಂದುಮುಂದಾಗಿ ಓದಬೇಕಾಗುತ್ತದೆ. ಅದೇ ತಾಲ್ಲೂಕಿನಿಂದ ಅದೇ ಬೇಡಿಕೆ ವರ್ಷ ವರ್ಷವೂ ಬಂದಿದ್ದರೆ ಅದನ್ನು ಪುನರುಕ್ತಿಯೆಂದು ಬಿಡದೆ, ಹಿಂದಿನ ವರ್ಷದ ಉತ್ತರವನ್ನು ಊರು ಒಪ್ಪಲಿಲ್ಲವೆಂಬುದಕ್ಕೆ ಸಾಕ್ಷಿಯೆಂದು ತಿಳಿಯುವುದು ನ್ಯಾಯ.

ಇಷ್ಟಾದ ಮೇಲೆ ಮತ್ತೊಂದು ಪ್ರಶ್ನೆ ಏಳುತ್ತದೆ. ಮಾತನಾಡಿದ ಆ 'ಊರು' ಯಾರು? ಆರಂಭದಲ್ಲಿ ಪ್ರತಿನಿಧಿಗಳು ಅಧಿಕಾರಿಗಳ ಮತ್ತು ಸ್ಥಳೀಯ ನಿಧಿ ಮಂಡಲಿಗಳ ಮೂಲಕ ಆರಿಸಲ್ಪಟ್ಟವರು. 1891ರಲ್ಲಿ ಚುನಾವಣೆಯ ಪದ್ಧತಿ ಜಾರಿಗೆ ಬಂದಾಗಲೂ ಗಣನೀಯ ಮೊತ್ತದ ಕಂದಾಯವನ್ನೋ ಮೊಹತರ್ಫಾ ತೆರಿಗೆಯನ್ನೋ ಕೊಡುವವರಿಗೆ, ಇನಾಮುದಾರರಿಗೆ, ವಿಶ್ವವಿದ್ಯಾನಿಲಯದ ಪದವೀಧರರಿಗೆ ಮಾತ್ರ ಹಕ್ಕು ದೊರೆಯಿತು. ಅಂದರೆ ಗದ್ದೆಯುಳ್ಳವರ ಮಾತು ಅಲ್ಲಿದೆ. ಗದ್ದೆಯಲ್ಲಿ ದುಡಿಯುವವರ ಮಾತಿಲ್ಲ. ಕೆರೆಯ ಮಣ್ಣಿನ ಕೆಲಸ 'ರೈತರ ಹೊಣೆ' ಎಂದು ಸರ್ಕಾರ ಹೇಳಿತು, ಆ ಹೊಣೆ ಭಾರವಾಯಿತೆಂದು ರೈತ ಮುಖಂಡರು ಹೇಳಿದರು. ಆದರೆ ನಿಜವಾಗಿ ಮಣ್ಣಿನ ಮಂಕರಿಯನ್ನು ಹೊತ್ತವರಲ್ಲಿ ಭೂಮಿಯಿಲ್ಲದ ಕೂಲಿಯವರೂ ಬಿಟ್ಟಿ ಚಾಕರಿಯವರೂ ಎಷ್ಟು ಮಂದಿಯೆಂಬುದನ್ನು ಎರಡು ಪಕ್ಷದವರೂ ಹೇಳಲಿಲ್ಲ. ಕೆರೆಯ ವಿಷಯವನ್ನು ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ನೀರಗಂಟಿ. ಅನೇಕ ಊರುಗಳಲ್ಲಿ ಅವನು ಹೊಲೆಯರ ಕೇರಿಯವನು. ಅವನು ಪ್ರತಿನಿಧಿಯಾಗಿ ದಸರೆಯ ಸಭೆಗೆ ಹೋಗುವ ಸಂಭವವೇ ಇರಲಿಲ್ಲ. ಹೆಂಗಸರ ಮಾತಂತೂ, ಬಾವಿಯ ನೀರನ್ನು ಮೈಲಿಗಟ್ಟಲೆ ಹೊರುತ್ತಿದ್ದವರು ಅವರೇ ಆಗಿದ್ದರೂ, ಗಂಡಸರ ಬಾಯಿಂದಲೇ ಬರಬೇಕಾಗಿತ್ತು.

ಊರಿನ ಮುಖಂಡರ ಅಭಿಪ್ರಾಯವೆಂದ ಮಾತ್ರಕ್ಕೆ ಅದೆಲ್ಲ ಸಾಧುವೆಂದು ಎಣಿಸಲೂ ಆಗದು. ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನೂ, ಐವತ್ತು ಮೀರಿದ ಗಂಡಸರು ಹದಿನಾಲ್ಕು ತುಂಬದ ಹುಡುಗಿಯರನ್ನು ಮದುವೆಯಾಗುವುದನ್ನೂ ತಡೆಯುವ ಶಾಸನ 1894ರಲ್ಲಿ ಮೈಸೂರಿನಲ್ಲಿ ಜಾರಿಗೆ ಬಂದಿತು. ಪ್ರತಿನಿಧಿಗಳಲ್ಲಿ ಹಲವರು ಅದನ್ನು ವಿರೋಧಿಸಿದರು. ಆ ಸಂದರ್ಭದಲ್ಲಿ ಸರ್ಕಾರ ಅವರ ಮಾತನ್ನು ಮೀರಿ ನಡೆದದ್ದು ಒಳ್ಳೆಯದೇ ಆಯಿತೆಂದು ಯಾರೂ ಒಪ್ಪುವರು. ಆದರೆ ಅದೇ ಸರ್ಕಾರ ತನಗೆ ಬೇಡವಾದ ಅಭಿಪ್ರಾಯವನ್ನು ಬೇರೆ ರೀತಿಯಲ್ಲಿ ಮೀರಿದ ಉದಾಹರಣೆಯೂ ಉಂಟು. ದಿವಾನ್ ಮಾಧವರಾಯರ ಕಾಲದಲ್ಲಿ, 1907ರಲ್ಲಿ, ನ್ಯಾಯವಿಧಾಯಕ ಸಭೆ ಸ್ಥಾಪಿತವಾಗಿ ಪ್ರಜಾಪ್ರತಿನಿಧಿ ಸಭೆಗೆ ತನ್ನ ಇಬ್ಬರನ್ನು ಅಲ್ಲಿಗೆ ಆರಿಸುವ ಹಕ್ಕು ದೊರೆಯಿತು. ಮರುವರ್ಷವೇ, ಅದೇ ದಿವಾನರ ಕಾಲದಲ್ಲಿ, ಪತ್ರಿಕೆಗಳನ್ನು ಹತೋಟಿಯಲ್ಲಿಡುವ ಶಾಸನವೂ ಬಂದಿತು. ಪ್ರಜಾಪ್ರತಿನಿಧಿ ಸಭೆಯಲ್ಲಿ ನಿರ್ಭೀತಿಯಿಂದ ಮಾತನಾಡುತ್ತಿದ್ದ, 'ವೃತ್ತಾಂತ ಚಿಂತಾಮಣಿ'ಯ ಸಂಪಾದಕರಾದ ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟನೆಯಾಗಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ವರ್ಷಕ್ಕೊಮ್ಮೆ, ಗೊತ್ತಾದ ಚಾವಡಿಯಲ್ಲಿ, ದಿವಾನರ ಸಮ್ಮುಖದಲ್ಲಿ ಆಡಿದ ಮಾತಿಗೆ ಇದ್ದ ಮನ್ನಣೆ ಊರೂರಿಗೆ ಹೋಗುವ ಪತ್ರಿಕೆಯ ಮಾತಿಗೆ ಇರಲಿಲ್ಲ.

1917ರಿಂದ ಮಹಾರಾಜರ ವರ್ಧಂತಿಯ ಕಾಲದಲ್ಲಿಯೂ ಸಭೆ ಸೇರತೊಡಗಿತು. ಬ್ರಜೇಂದ್ರನಾಥ ಶೀಲರ ಅಧ್ಯಕ್ಷತೆಯ ಸಮಿತಿಯ ಸಲಹೆಗಳನ್ನು ಅನುಸರಿಸಿ 1923ರಲ್ಲಿ ಅದಕ್ಕೆ ಶಾಸನಬದ್ಧವಾದ ಸ್ಥಾನ ದೊರೆಯಿತು: ಮತದಾರರ ಅರ್ಹತೆಯನ್ನು ತಗ್ಗಿಸಲಾಯಿತು, ಸ್ತ್ರೀಯರೆಂಬ ಕಾರಣದಿಂದ ಮತ ನಿರಾಕರಿಸುವುದು ತಪ್ಪಿತು, ಹೊಸ ತೆರಿಗೆಗಳನ್ನು ವಿಧಿಸುವ ಮೊದಲು ಸಭೆಯ ಅಭಿಪ್ರಾಯವನ್ನು ಕೇಳಬೇಕೆಂದಾಯಿತು. ಇಲ್ಲಿ 'ಅಭಿಪ್ರಾಯ' ಎಂಬ ಮಾತು ಮೊದಲ ಬಾರಿಗೆ ಶಾಸನದ ಬಲ ಪಡೆಯಿತೆನ್ನಬಹುದು. ಆದರೂ ಅದನ್ನು ಕೇಳುವುದು ಕಡ್ಡಾಯವಾಯಿತೇ ಹೊರತು ಅದರಂತೆ ನಡೆಯುವುದು ಕಡ್ಡಾಯವಾಗಲಿಲ್ಲ.

ಜೇಮ್ಸ್ ಮ್ಯಾನರ್ ಅವರು 1977ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ, ಈ ಕಾಲದ ಮೈಸೂರಿನಲ್ಲಿ ಸಂಸ್ಥಾನಮಟ್ಟದ ರಾಜಕೀಯಕ್ಕೂ ಹಳ್ಳಿಗಳಲ್ಲಿ ಪ್ರಬಲರಾಗಿದ್ದ ಭೂಮಾಲೀಕ ವರ್ಗಗಳ ಲೋಕಕ್ಕೂ ನಡುವೆ ದೊಡ್ಡ ಅಂತರವಿತ್ತೆಂದು ವಾದಿಸಿದ್ದಾರೆ. ರಾಜಕೀಯದ ಅಧಿಕಾರವನ್ನು ಮುಂದಿಟ್ಟು ನೋಡಿದರೆ ಈ ಮಾತು ಬಹುಮಟ್ಟಿಗೆ ನಿಜ. ಆದರೆ ನೀರು, ದಾರಿ, ಗೋಮಾಳಗಳ ವಿಷಯದಲ್ಲಿ ಆ ಅಂತರ ಅಷ್ಟಾಗಿ ಇರಲಿಲ್ಲವೆಂದು ನಮಗೆ ತೋರುತ್ತದೆ. ತಾಲ್ಲೂಕಿನ ಮುಖಂಡನು ಪಟ್ಟಣಕ್ಕೆ ಹೊತ್ತು ತಂದದ್ದು ಪಕ್ಷದ ಸಿದ್ಧಾಂತವನ್ನಲ್ಲ, ಕೆರೆಯ ಕೋಡಿಯನ್ನು. ಆ ಕೋಡಿಯ ಮಾತಿಗೆ ಉತ್ತರ ಸಿಗದಿದ್ದಾಗ ಹಳ್ಳಿ ಸುಮ್ಮನಿರಲಿಲ್ಲ ಎಂಬುದಕ್ಕೆ ಇರ್ವಿನ್ ನಾಲೆಯ ಪ್ರಕರಣ ನಿದರ್ಶನ. ಕೃಷ್ಣರಾಜಸಾಗರದ ನೀರನ್ನು ಮಂಡ್ಯದ ಬಯಲಿಗೆ ಹರಿಸಿದ, ಈಗ ವಿಶ್ವೇಶ್ವರಯ್ಯ ನಾಲೆಯೆಂದು ಕರೆಯಲ್ಪಡುವ ಈ ಕಾಲುವೆಯ ಕೆಳಗೆ ಸರ್ಕಾರ ಎರಡು ಕಟ್ಟುಪಾಡುಗಳನ್ನು ತಂದಿತು. ಭೂಮಿಯ ಬೆಲೆ ಹೆಚ್ಚಿದ್ದಕ್ಕಾಗಿ ಹಿಡುವಳಿದಾರರು ವಂತಿಗೆ ಕೊಡಬೇಕು. ಬತ್ತ, ಕಬ್ಬು, ಖುಷ್ಕಿ ಬೆಳೆಗಳನ್ನು ಬ್ಲಾಕುಗಳಾಗಿ ವಿಂಗಡಿಸಿದ ಜಮೀನಿನಲ್ಲಿ ಸರದಿಯಂತೆ ಬೆಳೆಯಬೇಕು. ಎಂಜಿನಿಯರರ ದೃಷ್ಟಿಯಿಂದ ಬ್ಲಾಕು ಪದ್ಧತಿ ನೀರಿನ ಮಿತವ್ಯಯಕ್ಕೆ ಒಳ್ಳೆಯ ಉಪಾಯ. ಆದರೆ ಎರಡು ಎಕರೆಯ ರೈತನಿಗೆ ತನ್ನ ಹೊಲವೆಲ್ಲ ಒಂದೇ ಬ್ಲಾಕಿನಲ್ಲಿ ಬಿದ್ದರೆ ಆ ವರ್ಷ ಮನೆಯ ಊಟಕ್ಕೆ ಬತ್ತ ಎಲ್ಲಿಂದ ಬರಬೇಕು? 1930ರ ದಶಕದ ಆರಂಭದಲ್ಲಿ ಆ ಸೀಮೆಯ ರೈತರು ಸಭೆಯ ಹೊರಗೆ ಸಂಘಟಿತರಾಗಿ ಚಳವಳಿ ಹೂಡಿದರು. ನೀರು ಬೇಡವೆಂದು ಯಾರೂ ಹೇಳಲಿಲ್ಲ. ನೀರು ಯಾವ ಷರತ್ತಿನ ಮೇಲೆ ಬರಬೇಕೆಂಬುದರಲ್ಲಿ ತಮ್ಮ ಮಾತೂ ನಡೆಯಬೇಕೆಂದರು. ಐವತ್ತು ವರ್ಷ ಅಹವಾಲಿನ ಪಟ್ಟಿಯಲ್ಲಿ ಬಿನ್ನಹವಾಗಿ ಅಚ್ಚಾಗುತ್ತಿದ್ದುದು ಇಲ್ಲಿ ಮೊದಲ ಸಲ ತನ್ನ ನಿಜವಾದ ರೂಪದಲ್ಲಿ ಕಾಣಿಸಿಕೊಂಡಿತು.

1949ರ ಡಿಸೆಂಬರಿನಲ್ಲಿ ಪ್ರಜಾಪ್ರತಿನಿಧಿ ಸಭೆ ವಿಸರ್ಜಿತವಾಯಿತು. ಕೆರೆಯ ಮಣ್ಣನ್ನು ಯಾರು ಹೊರಬೇಕೆಂಬ ಪ್ರಶ್ನೆ ಅದರೊಡನೆ ಮುಗಿಯಲಿಲ್ಲ. 2002ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಜಲ ಸಂವರ್ಧನೆ ಯೋಜನಾ ಸಂಘದ ಮೂಲಕ ಕೆರೆಗಳ ಪುನಶ್ಚೇತನವನ್ನು ಕೈಗೊಂಡಾಗ, ಕೆರೆಯ ಬಳಕೆದಾರರು ಸಂಘಕಟ್ಟಿಕೊಂಡು ಹಣವಾಗಿಯೂ ದುಡಿಮೆಯಾಗಿಯೂ ತಮ್ಮ ಪಾಲನ್ನು ಕೊಡಬೇಕೆಂದು ವಿಧಿಸಲಾಯಿತು. ಊರುಗಳಲ್ಲಿ ನಡೆದ ಚರ್ಚೆಗೆ 1911ರ ಶಾಸನದ ಕಾಲದ ಚರ್ಚೆಯೇ ಹಿನ್ನೆಲೆಯೆಂಬುದನ್ನು ಬಹುಶಃ ಎರಡು ಕಡೆಯವರೂ ಅರಿತಿರಲಿಲ್ಲ.

ಈ ದಿಕ್ಕಿನಲ್ಲಿ ಮುಂದೆ ಆಗಬೇಕಾದ ಕೆಲಸ ಸಣ್ಣದಾದರೂ ಶ್ರಮದ್ದು. ಯಾವುದಾದರೂ ಒಂದು ತಾಲ್ಲೂಕನ್ನು ಆರಿಸಿಕೊಂಡು, ಅಲ್ಲಿಂದ ಇಪ್ಪತ್ತು ಮೂವತ್ತು ವರ್ಷಗಳ ಕಾಲ ಬಂದ ಕೆರೆಯ ಅಹವಾಲುಗಳನ್ನು ನಡವಳಿಗಳಿಂದ ಬರೆದುಕೊಳ್ಳಬೇಕು. ಅದೇ ಕೆರೆಗಳ ವಿಷಯವಾಗಿ ರಾಜ್ಯ ಪತ್ರಾಗಾರದಲ್ಲಿಯೂ ತಾಲ್ಲೂಕು ಕಚೇರಿಯ ಹಳೆಯ ಕಡತಗಳಲ್ಲಿಯೂ ಉಳಿದಿರುವ ಕಾಗದಗಳನ್ನು ಪಕ್ಕದಲ್ಲಿಟ್ಟು ನೋಡಬೇಕು. ಅನಂತರ ಆ ಊರುಗಳಿಗೆ ಹೋಗಿ ಕೋಡಿಯ ಕಲ್ಲನ್ನು ಯಾವಾಗ, ಯಾರು ಎತ್ತರಿಸಿದರೆಂದು ವೃದ್ಧರನ್ನು ಕೇಳಬೇಕು. ನೀರಗಂಟಿಗಳ ಮನೆತನಗಳು ಕೆಲವು ಊರುಗಳಲ್ಲಿ ಇನ್ನೂ ಇವೆ. ಅವರಲ್ಲಿಗೆ ಮೊದಲು ಹೋಗುವುದು ಒಳ್ಳೆಯದು.